ಎರಡು ಕೂಟಗಳಲ್ಲಿ ಒಂದು ಸ್ಕಾಟಿಷ್ ಗೋಥಿಕ್ ಕಾದಂಬರಿ: ನನ್ನ ಅನುಭವ

ಜೇಮ್ಸ್ ಹಾಗ್ 1824ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ‘ದ ಪ್ರೈವೇಟ್ ಮೆಮಾಯರ್ಸ್ ಅಂಡ್ ಕನ್ಫೆಶನ್ಸ್ ಆಫ್ ಎ ಜಸ್ಟಿಫೈಡ್ ಸಿನ್ನರ್’ ಓದುಗರ ಒಂದೇ ಕೂಟಕ್ಕೆ ಮುಗಿಯುವ ಪುಸ್ತಕವಲ್ಲ. ಒಂದೂವರೆ ಗಂಟೆಯ ಎರಡು ಕೂಟ ಇಟ್ಟೆ. ಓದಲು 1824ರ ಮೂಲ ಆವೃತ್ತಿಯೇ ಆಗಬೇಕು. 1837ರ ಆವೃತ್ತಿಯಲ್ಲಿ ಮತತತ್ತ್ವದ ಭಾಗಗಳಿಗೇ ಕತ್ತರಿ ಬಿದ್ದಿದೆ. ಜಾರ್ಜ್‌ಗಳು ಇಬ್ಬರು, ರಾಬರ್ಟ್‌ಗಳೂ ಇಬ್ಬರು. ಅರ್ಧ ಹಾಳೆಯ ವಂಶವೃಕ್ಷ ಮೊದಲೇ ಹಂಚದಿದ್ದರೆ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತದೆ.

ಅಣ್ಣ ಜಾರ್ಜ್‌ನ ಕೊಲೆಯ ಕತೆ ಇಲ್ಲಿ ಎರಡು ಸಲ ಬರುತ್ತದೆ: ಮೊದಲು ಒಬ್ಬ ‘ಸಂಪಾದಕ’ ಹೇಳಿದ್ದು, ಆಮೇಲೆ ತಮ್ಮ ರಾಬರ್ಟ್ ತಾನೇ ಬರೆದದ್ದು. ಮೊದಲ ಕೂಟಕ್ಕೆ ಸಂಪಾದಕನ ನಿರೂಪಣೆಯಷ್ಟೇ. ಪೂರ್ತಿ ಓದಿಬಂದವರು, ರಾಬರ್ಟನ ಬೆನ್ನುಹತ್ತಿದ ನಿಗೂಢ ಗೆಳೆಯನ ಬಗ್ಗೆ ‘ಗಿಲ್-ಮಾರ್ಟಿನ್ ಸೈತಾನನೋ, ರಾಬರ್ಟನ ಭ್ರಮೆಯೋ’ ಎಂದು ಹಿಡಿದರೆ ಬಿಡುವುದಿಲ್ಲ. ಭ್ರಮೆ ಎನ್ನುವವರಿಗೆ ಒಂದೇ ಪ್ರಶ್ನೆ: ಕೊಲೆಯ ರಾತ್ರಿ ಸಾಕ್ಷಿ ಬೆಲ್ ಕಾಲ್ವರ್ಟ್ ಎಂಬಾಕೆ ರಾಬರ್ಟನ ಜೊತೆ ಕಂಡ ಎರಡನೆಯವನು ಯಾರು?

ಎರಡನೆಯ ಕೂಟದಲ್ಲಿ ಎಡಿನ್‌ಬರೋದ ಆರ್ಥರ್ಸ್ ಸೀಟ್ ಬೆಟ್ಟದ ದೃಶ್ಯವನ್ನು ಎರಡೂ ನಿರೂಪಣೆಗಳಿಂದ ಬೆನ್ನುಬೆನ್ನಿಗೆ ಗಟ್ಟಿಯಾಗಿ ಓದಿಸಿದೆ. ಸಂಪಾದಕನ ಕಡೆ, ಮಂಜಿನಲ್ಲಿ ತಮ್ಮನ ದೈತ್ಯ ಮುಖ ಕಂಡು ಬೆಚ್ಚಿದ ಜಾರ್ಜ್ ತಿರುಗಿ ಓಡುವಾಗ ನಿಜವಾದ ತಮ್ಮನಿಗೇ ಡಿಕ್ಕಿ ಹೊಡೆಯುತ್ತಾನೆ. ರಾಬರ್ಟನ ಬರಹಕ್ಕೆ ಬಂದಾಗಲೇ ತಿಳಿಯುವುದು, ಅವನು ಅಣ್ಣನನ್ನು ಕಡಿದಾದ ಬಂಡೆಯಿಂದ ತಳ್ಳಲೆಂದೇ ಬಂದಿದ್ದ. ಮಧ್ಯೆ ಬಿಳಿಯುಡುಗೆಯ ಹೆಂಗಸೊಬ್ಬಳು ಅವನನ್ನು ಗದರಿದ್ದೂ ಇಲ್ಲಿ ಮಾತ್ರ ಬರುತ್ತದೆ. ಚರ್ಚೆಯ ಜೀವ ಈ ವ್ಯತ್ಯಾಸದಲ್ಲಿದೆ, ನಲವತ್ತು ನಿಮಿಷ ಕೊಟ್ಟರೂ ದಂಡವಲ್ಲ.

ಆಮೇಲೆ ಬೋರ್ಡಿನ ಮೇಲೆ ಎರಡು ಸಾಲು. ‘ಯಾರಿಗೆ ಮುಕ್ತಿ ಎಂಬುದು ಮೊದಲೇ ತೀರ್ಮಾನವಾಗಿದೆ.’ ‘ಹಾಗಾಗಿ ಅವರು ಏನು ಮಾಡಿದರೂ ಪಾಪ ತಟ್ಟದು.’ ರಾಬರ್ಟ್ ಬೆಳೆದ ಪ್ರೊಟೆಸ್ಟಂಟ್ ಪಂಥವಾದ ಕ್ಯಾಲ್ವಿನ್ ಮತ ಒಪ್ಪುವುದು ಮೊದಲನೆಯದನ್ನು ಮಾತ್ರ. ಒಂದರಿಂದ ಇನ್ನೊಂದಕ್ಕೆ ಜಿಗಿದದ್ದೇ ರಾಬರ್ಟನ ಅತಿರೇಕ. ಕನ್ನಡಿಗರ ಕೂಟದಲ್ಲಿ ಇಲ್ಲಿ, ಜೀವಗಳು ಸ್ವಭಾವದಿಂದಲೇ ಮೂರು ಬಗೆ ಎಂಬ ಮಧ್ವರ ಜೀವತ್ರೈವಿಧ್ಯ ಬಂದೇ ಬರುತ್ತದೆ, ಬರಲಿ. ಆದರೆ ಅಲ್ಲಿ ಮಾತು ಜೀವದ ಸ್ವರೂಪಯೋಗ್ಯತೆಯದು, ಏನು ಬೇಕಾದರೂ ಮಾಡಲು ಪರವಾನಗಿಯಲ್ಲ. ಐದು ನಿಮಿಷಕ್ಕೆ ನಿಲ್ಲಿಸಿ. ಕಾದಂಬರಿ ಧರ್ಮವನ್ನೇ ಹಳಿಯುತ್ತದೆ ಎನ್ನುವವರಿಗೆ ಬ್ಲಾಂಚರ್ಡ್‌ನನ್ನು ನೆನಪಿಸಿ: ಈ ತತ್ತ್ವವನ್ನು ಅತಿಗೆ ಒಯ್ಯಬೇಡ ಎಂದ ಅವನು ಸ್ವತಃ ಧರ್ಮಬೋಧಕ, ಮೊದಲು ಕೊಲೆಯಾದವನೂ ಅವನೇ.

ಸ್ಕಾಟ್ಸ್ ಆಡುನುಡಿ ಹಲವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಖ್ಟರ್‌ಮಖ್ಟಿ ಎಂಬ ಊರಲ್ಲಿ ಸೈತಾನ ಬೋಧಕನ ವೇಷದಲ್ಲಿ ಬಂದು, ನಿಲುವಂಗಿ ಎತ್ತಿದಾಗ ಸೀಳುಗೊರಸು ತೋರಿ ಸಿಕ್ಕಿಬೀಳುವ ಕತೆಯನ್ನು ಒಬ್ಬರಿಗೆ ವಹಿಸಿ, ತಮ್ಮೂರಿನ ಕನ್ನಡದಲ್ಲಿ ಹೇಳಿಸಿದೆ. ಕೊನೆಯಲ್ಲಿ ಹಾಗ್ ತಾನೇ ಕುರುಬನಾಗಿ ಸಂತೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ರಾಬರ್ಟನ ಗೋರಿ ತೋರಿಸು ಎಂದವರಿಗೆ ಅವನ ಉತ್ತರವನ್ನೂ ಹಾಗೇ ಹೇಳಿಸಿದೆ: ‘ನನ್ ಕುರಿ ಮಾರೋದೇ ನಂಗೆ ಸಾಕಾಗೈತೆ, ನೂರು ವರ್ಸದ ಮೂಳೆ ಅಗೆಯಾಕೆ ಎಲ್ ಬರ್ಲಿ!’