ಬ್ಯಾಟರಿ ಗಾಡಿ ತಗೊಳ್ಳೋ ಮೊದ್ಲು ರಾಯಚೂರು ಮಂದಿ ಏನೇನು ನೋಡ್ಬೇಕು

ಹೋದ ವರ್ಷ ಬ್ಯಾಸಿಗ್ಯಾಗ ನಮ್ಮ ಸೋದರಮಾವನ ಮಗ ಒಂದು ಬ್ಯಾಟರಿ ಸ್ಕೂಟರ್ ತಗೊಂಡ. ಅಂಗಡಿಯವ್ರು ಹೇಳಿದ್ದು ಒಂದೇ ಮಾತು, "ಇದಕ್ಕ ನಂಬರ್ ಬ್ಯಾಡ, ಲೈಸೆನ್ಸ್ ಬ್ಯಾಡ, ಇನ್ಶೂರೆನ್ಸ್ ಬ್ಯಾಡ, ಯಾರೂ ಹಿಡಿಯಂಗಿಲ್ಲ ತಮ್ಮಾ". ಮೂರು ತಿಂಗಳಿಗೆ ತೀನ್ ಕಂದೀಲ್ ಹತ್ರ ಪುಂಡಿಪಲ್ಯ ಮಾರೋ ಒಬ್ಬ ಆಯಿಗೆ ಗುದ್ದಿದ. ಆಯಿ ಕಾಲು ಮುರೀತು, ಆಪರೇಷನ್ ಮಾಡಿ ರಾಡ್ ಹಾಕಿದ್ರು. ಆವಾಗ ಇನ್ಶೂರೆನ್ಸ್ ಎಲ್ಲಿ ಅಂತ ಹುಡುಕಿದ್ರ ಏನೂ ಇಲ್ಲ. ನಾನು ಕುಂತು ಹಿಂದಿನ ಗಾಲಿ ಮೋಟಾರ್ ಮ್ಯಾಲಿನ ಧೂಳು ಬಟ್ಟಿಲೆ ಒರೆಸಿ ನೋಡಿದೆ, 1000 ಡಬ್ಲ್ಯು ಅಂತ ಕೆತ್ತಿತ್ತು. ಅಂದ್ರ ಮೊದಲನೇ ದಿನದಿಂದ ಅದಕ್ಕ ನಂಬರೂ ಬೇಕಿತ್ತು, ಲೈಸೆನ್ಸೂ ಬೇಕಿತ್ತು, ಇನ್ಶೂರೆನ್ಸೂ ಬೇಕಿತ್ತು. ನಮ್ಮ ಅತ್ತಿ ಕೊರಳಾಗಿನ ಎರಡೆಳಿ ಸರ ಅಡ ಇಟ್ಟು ದವಾಖಾನಿ ಬಿಲ್ ಕಟ್ಟಿದ್ರು, ಆಯಿ ನಾಲ್ಕು ತಿಂಗಳು ವ್ಯಾಪಾರಕ್ಕ ಕೂಡ್ಲಿಲ್ಲ.

ಅದಕ್ಕ ಇದನ್ನ ಬರೀಲಾಕತ್ತೀನಿ. ನಂಬರ್ ಪ್ಲೇಟು, ಇನ್ಶೂರೆನ್ಸು ಅಂದ್ರ ಎಲ್ಲಾರೂ ಪೊಲೀಸ್ರ ಸಲುವಾಗಿ ಅಂತ ತಿಳ್ಕೊಂಡಾರ, ಅದು ನಿಮ್ಮ ಗಾಡಿ ಯಾರಿಗೆ ಬಡೀತದೋ ಅವರ ಸಲುವಾಗಿ ಇರೋದು.

ಮೊದ್ಲು ಕಾನೂನು ಎಲ್ಲಿ ಗೆರಿ ಹಾಕ್ಯದ ಅಂತ ತಿಳ್ಕೋರಿ, ಇದೊಂದು ಗೊತ್ತಿದ್ರ ಅಂಗಡ್ಯಾಗ ಯಾರೂ ನಿಮಗ ಮೋಸ ಮಾಡ್ಲಾಕ ಆಗಲ್ಲ. ನಮ್ಮ ಮೋಟಾರು ವಾಹನ ಕಾಯ್ದಿ 1988ರದ್ದು, ಆವಾಗ ಈ ಬ್ಯಾಟರಿ ಸ್ಕೂಟರ್ ಎಲ್ಲಾ ಎಲ್ಲಿದ್ವು. ಹಂಗಾಗಿ ಆಮ್ಯಾಲ ಆಮ್ಯಾಲ ತಿದ್ದುಪಡಿ ತಂದು ಸೇರಿಸ್ಕೊಂತ ಬಂದಾರ. ಕೇಂದ್ರದ ಮೋಟಾರು ವಾಹನ ನಿಯಮ 1989ರಾಗ 2(ಯು) ಅಂತ ಒಂದು ನಿಯಮ ಅದ, ಎರಡು ಗಾಲಿ ಬ್ಯಾಟರಿ ಗಾಡಿಗೆ ವಿನಾಯ್ತಿ ಸಿಗಬೇಕಂದ್ರ ಮೂರು ಮಾತು ಕೂಡಿ ಬರಬೇಕು ಅಂತದ: ಮೋಟಾರ್ ಪವರ್ 250 ವ್ಯಾಟ್‌ಗಿಂತ ಕಮ್ಮಿ ಇರಬೇಕು, ಸ್ಪೀಡ್ ತಾಸಿಗೆ 25 ಕಿಲೋಮೀಟರ್‌ಗಿಂತ ಕಮ್ಮಿ ಇರಬೇಕು, ಬ್ಯಾಟರಿ ಬಿಟ್ಟು ಗಾಡಿ ತೂಕ 60 ಕಿಲೋ ದಾಟಬಾರ್ದು. ಮೂರೂ ಇದ್ರ ಮಾತ್ರ ಅದು ಕಾನೂನಿನ ಲೆಕ್ಕದಾಗ ಮೋಟಾರು ವಾಹನ ಅಲ್ಲ, ಸೈಕಲ್ ಇದ್ದಂಗ. ಎರಡು ಇದ್ದು ಒಂದು ಇಲ್ಲಾಂದ್ರೂ ಆ ವಿನಾಯ್ತಿ ಇಲ್ಲ. ಜೊತಿಗೆ ಮುಂದ ಬಿಳಿ ರಿಫ್ಲೆಕ್ಟರ್, ಹಿಂದ ಕೆಂಪು ರಿಫ್ಲೆಕ್ಟರ್, ಛಲೋ ಬ್ರೇಕು ಇರಬೇಕು.

ಇನ್ನ ಅಂಗಡಿಗೆ ಹೋದಾಗ ಏನು ಮಾಡ್ಬೇಕು. ಸ್ಟಿಕರ್ ನೋಡಬ್ಯಾಡ್ರಿ, ಸ್ಟಿಕರ್ ಯಾರರ ಹಚ್ತಾರ. ಸೀದಾ ಹಿಂದಿನ ಗಾಲಿ ಹತ್ರ ಕುಂದ್ರಿ, ನಡುವ ಡಬ್ಬಿ ಥರ ದಪ್ಪ ಮೋಟಾರ್ ಇರ್ತದ, ಅದರ ಮ್ಯಾಲ ವೋಲ್ಟು, ವ್ಯಾಟು ಕೆತ್ತಿರ್ತಾರ, ಮೊಬೈಲ್ ಟಾರ್ಚ್ ಹಾಕಿ ಓದಿ ಫೋಟೋ ತಗೋರಿ. ವ್ಯಾಟ್ 250ಕ್ಕಿಂತ ಕಮ್ಮಿ ಅಂತ ಇದ್ರ ಸರಿ. ಏನೂ ಕೆತ್ತಿಲ್ಲ ಅಂದ್ರ, ಇಲ್ಲಾ ಉಜ್ಜಿ ಅಳಿಸಿದಂಗ ಕಾಣ್ತದ ಅಂದ್ರ, ಆ ಗಾಡಿ ಬಿಟ್ಟು ಬರ್ರಿ. ಆಮ್ಯಾಲ ಟ್ರಯಲ್ ಕೇಳ್ರಿ, ಗಲ್ಯಾಗ ಬ್ಯಾಡ, ಯರಮರಸ್ ಕಡಿ ಖಾಲಿ ರೋಡು ಸಿಗ್ತದಲ್ಲ ಅಲ್ಲಿ ತಗೊಂಡು ಹೋಗ್ರಿ, ಹಿಂದ ಕುಂತವ್ರ ಮೊಬೈಲ್‌ನಾಗ ಜಿಪಿಎಸ್ ಸ್ಪೀಡ್ ನೋಡ್ಲಿ. ಬಲಗೈ ಹಿಡಿ ಹತ್ರ 1, 2, 3 ಅಂತ ಬಟನ್ ಇರ್ತದ, ಮೂರಕ್ಕ ಇಟ್ಟು ಪೂರಾ ತಿರುವ್ರಿ. 25ರ ಒಳಗ ನಿಂತುಬಿಟ್ರ ಪಾಸ್, ಅದನ್ನ ದಾಟ್ತಂದ್ರ ಅಂಗಡಿಯವ್ರು ಏನು ಹೇಳಿದ್ರೂ ಅದು ಸ್ಕೂಟರೇ.

ಒಂದು ವೈರಿನ ಆಟ ಅದ ಇದರಾಗ, ಅದನ್ನ ತಿಳ್ಕೋರಿ. ಸೀಟಿನ ಕೆಳಗ ಕಂಟ್ರೋಲರ್ ಅಂತ ಒಂದು ಅಲ್ಯುಮಿನಿಯಂ ಡಬ್ಬಿ ಇರ್ತದ, ಅದ್ರಿಂದ ಬರೋ ಎರಡು ಸಣ್ಣ ವೈರ್ ಕೂಡಿಸಿಟ್ರ ಸ್ಪೀಡ್ ಲಾಕ್ ಆಗ್ತದ, ಬಿಚ್ಚಿದ್ರ ಲಾಕ್ ಹೋಗ್ತದ, ಭಾಳ ಮಾಡಲ್‌ದಾಗ ಹಿಂಗೇ ಇರ್ತದ. ಕೆಲವರು ಮಾರಿದ ಮ್ಯಾಲ ತಾವೇ ಬಿಚ್ಚಿ ಕೊಡ್ತಾರ, ಗಿರಾಕಿ ಖುಷಿ ಆಗ್ತಾನ. ಬಿಚ್ಚಿದ ಕ್ಷಣಕ್ಕ ಆ 2(ಯು) ವಿನಾಯ್ತಿ ಹೋಯ್ತು, ನಿಮ್ಮ ಗಾಡಿ ನಂಬರ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ ಆಯ್ತು. 2019ರ ತಿದ್ದುಪಡಿ ಆದ ಮ್ಯಾಲ ಕಾಯ್ದಿ ಪ್ರಕಾರ ಲೈಸೆನ್ಸ್ ಇಲ್ಲದಿದ್ರ 5000, ರಿಜಿಸ್ಟ್ರೇಷನ್ ಇಲ್ಲದಿದ್ರ 5000 ತನಕ, ಇನ್ಶೂರೆನ್ಸ್ ಇಲ್ಲದಿದ್ರ ಮೊದಲನೇ ಸಲಕ್ಕ 2000 ಇಲ್ಲಾ ಮೂರು ತಿಂಗಳ ತನಕ ಜೈಲು ಇಲ್ಲಾ ಎರಡೂ. ನಮ್ಮ ರಾಜ್ಯ ಅದೇ ವರ್ಷ ಸೆಪ್ಟೆಂಬರ್‌ದಾಗ ಸ್ಪಾಟ್ ಫೈನ್ ಒಂದಿಷ್ಟು ಇಳಿಸ್ತು ಖರೆ, ಆದ್ರ ಕೇಸು ಕೋರ್ಟಿಗೆ ಹೋದ್ರ ಕಾಯ್ದ್ಯಾಗಿನ ಲೆಕ್ಕಾನೇ. ಮತ್ತ ಈ ಫೈನ್ ಎಲ್ಲಾ ಸಣ್ಣವು ರೀ. ಆಕ್ಸಿಡೆಂಟ್ ಆಗಿ ಕ್ಲೇಮ್ ಕೇಸ್ ಬಿದ್ರ ಪರಿಹಾರ ಎಷ್ಟು ಅಂತ ತೀರ್ಮಾನ ಮಾಡೋ ಟ್ರಿಬ್ಯೂನಲ್ ಹೇಳಿದಷ್ಟು ರೊಕ್ಕ ಗಾಡಿ ಮಾಲಕ ತನ್ನ ಕಿಸೇದಿಂದ ಕೊಡ್ಬೇಕು, ಹೊಲ ಮಾರೋ ಪರಿಸ್ಥಿತಿ ಬರೋದು ಅಲ್ಲಿ.

ಗಾಡಿ ಖರೇನೇ 25ರ ಒಳಗಿಂದು ಅಂತ ಆದ್ರ ಕಾಗದ ಕೇಳ್ರಿ. ಪುಣೇದಾಗ ಎಆರ್‌ಎಐ, ಹರಿಯಾಣದ ಮಾನೇಸರದಾಗ ಐಕ್ಯಾಟ್ ಅಂತ ಟೆಸ್ಟಿಂಗ್ ಸಂಸ್ಥೆ ಅವ, ಇಂಥ ಸಂಸ್ಥೆ ಆ ಮಾಡಲ್ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಅದರ ಝೆರಾಕ್ಸ್ ಇಸ್ಕೊಂಡು ಮಾಡಲ್ ಹೆಸರು, ಮೋಟಾರ್ ಪವರ್, ಸ್ಪೀಡು ಗಾಡಿ ಜೊತಿ ತಾಳೆ ನೋಡ್ರಿ, ಬ್ಯಾರೆ ಮಾಡಲ್ ಕಾಗದ ತೋರಿಸೋದು ಭಾಳ ನಡೀತದ. ಜಿಎಸ್‌ಟಿ ಬಿಲ್ಲೇ ಬೇಕು ಅಂತ ಹಟ ಹಿಡೀರಿ, ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ 5 ಪರ್ಸೆಂಟ್ ಅಷ್ಟೇ, ಬಿಲ್ಲಿನ್ಯಾಗ ಚಾಸಿ ನಂಬರು, ಮೋಟಾರ್ ನಂಬರು, ಬ್ಯಾಟರಿ ನಂಬರು ಮೂರೂ ಬರೆಸ್ರಿ. ಬಿಳಿ ಚೀಟಿ ಮ್ಯಾಲ ಬರ್ಕೊಟ್ಟಿದ್ದು ನಾಳೆ ಕಳವಾದ್ರೂ ಕೆಲಸಕ್ಕ ಬರಲ್ಲ, ಗ್ರಾಹಕರ ಕೋರ್ಟಿಗೆ ಹೋದ್ರೂ ಕೆಲಸಕ್ಕ ಬರಲ್ಲ.

ನನ್ನ ಕೇಳಿದ್ರ, ದಿನಾ ಲಿಂಗಸುಗೂರು ರೋಡಿನ್ಯಾಗೋ ಮಂತ್ರಾಲಯ ರೋಡಿನ್ಯಾಗೋ ಓಡಾಡೋರು ಆ ಸಣ್ಣ ಗಾಡಿ ಬಿಟ್ಟು ರಿಜಿಸ್ಟ್ರೇಷನ್ ಇರೋದನ್ನೇ ತಗೋರಿ. ಲಾರಿ ಓಡೋ ರೋಡಿನ್ಯಾಗ 25ರಾಗ ಹೋಗೋದು ನಿಮಗೂ ಕಷ್ಟ, ಹಿಂದಿನವ್ರಿಗೂ ಕಷ್ಟ. ರಿಜಿಸ್ಟ್ರೇಷನ್ ಅಂದಕೂಡ್ಲೆ ಖರ್ಚು ಅಂತ ಹೆದರಬ್ಯಾಡ್ರಿ, 2021 ಆಗಸ್ಟ್‌ನಿಂದ ಬ್ಯಾಟರಿ ಗಾಡಿಗೆ ಆರ್‌ಸಿ ಮಾಡ್ಸೋ ಫೀಸು, ರಿನೀವಲ್ ಫೀಸು ಕೇಂದ್ರ ಸರ್ಕಾರ ತಗದು ಹಾಕ್ಯದ. ಫಾರ್ಮ್ 20 ಅರ್ಜಿ, ಫಾರ್ಮ್ 21 ಮಾರಾಟದ ಸರ್ಟಿಫಿಕೇಟ್, ಫಾರ್ಮ್ 22 ಕಂಪನಿ ಕೊಡೋ ಸರ್ಟಿಫಿಕೇಟ್, ಇವೆಲ್ಲಾ ಡೀಲರೇ ವಾಹನ್ ಅನ್ನೋ ಸರ್ಕಾರಿ ವೆಬ್‌ಸೈಟಿನ್ಯಾಗ ಹಾಕ್ಬೇಕು. ನಂಬರ್ ಬರೋ ಮೊದ್ಲೇ ಗಾಡಿ ಮನಿಗೆ ಒಯ್ರಿ ಅಂದ್ರ ಒಯ್ಯಬ್ಯಾಡ್ರಿ, ರಿಜಿಸ್ಟ್ರೇಷನ್ ಆಗದ ಗಾಡಿ ಡೆಲಿವರಿ ಕೊಡಬಾರ್ದು ಅಂತ ನಿಯಮ ಅದ. ನಮ್ಮ ಕಡಿ ಕೆಎ 36 ಅಂತ ಬರ್ತದ, ಪ್ಲೇಟು ಹಸಿರು ಇರಬೇಕು, ಸ್ವಂತ ಗಾಡಿಗೆ ಬಿಳಿ ಅಕ್ಷರ, ಬಾಡಿಗಿ ಗಾಡಿಗೆ ಹಳದಿ ಅಕ್ಷರ. ಹೊಸ ಟೂ ವೀಲರ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಿಮ್ಮ ಗಾಡಿ ಬಡಿದವ್ರಿಗೆ ಪರಿಹಾರ ಕೊಡೋದು) ಕಡ್ಡಾಯ, 2018 ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟ್ ಹೇಳಿದ್ದು. ಲೈಸೆನ್ಸ್ ಇಲ್ಲದೋರು ಸಾರಥಿ ವೆಬ್‌ಸೈಟಿನ್ಯಾಗ ಕಲಿಯೋರ ಲೈಸೆನ್ಸ್‌ಗೆ (ಎಲ್‌ಎಲ್) ಹಾಕ್ರಿ, ಅದು ಆರು ತಿಂಗಳು ನಡೀತದ, 30 ದಿನ ಆದ ಮ್ಯಾಲ ಪಕ್ಕಾ ಲೈಸೆನ್ಸಿನ (ಡಿಎಲ್) ಟೆಸ್ಟಿಗೆ ಹೋಗ್ಬಹುದು. ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಡಿಜಿಲಾಕರ್‌ದಾಗ ಇಟ್ಕೊಂಡ್ರ ತೋರಿಸಿದ್ರ ನಡೀತದ.

ಮಕ್ಕಳ ಕೈಯಾಗ ಕೊಡೋ ತಂದಿ ತಾಯಂದ್ರಿಗೆ ಕೈ ಮುಗಿದು ಹೇಳ್ತೀನಿ. ಟ್ಯೂಷನ್ನಿಗೆ ಅಂತ ಒಂಬತ್ತನೇತ್ತೆ ಹುಡುಗನ ಕೈಯಾಗ 50ರ ಸ್ಪೀಡಿನ ಗಾಡಿ ಕೊಡಬ್ಯಾಡ್ರಿ. ಅದು ಮೋಟಾರು ವಾಹನ ಆಗಿದ್ರ 199ಎ ಕಲಮಿನ ಪ್ರಕಾರ ಶಿಕ್ಷೆ ನಿಮಗ ಬರ್ತದ, ಮೂರು ವರ್ಷದ ತನಕ ಜೈಲು, 25,000 ದಂಡ, ಗಾಡಿ ಆರ್‌ಸಿ ಒಂದು ವರ್ಷ ರದ್ದು, ಮತ್ತ ಆ ಹುಡುಗನಿಗೆ 25 ವರ್ಷ ತುಂಬೋ ತನಕ ಲೈಸೆನ್ಸ್ ಸಿಗಲ್ಲ. ಹೆಲ್ಮೆಟ್ ವಿಷಯಕ್ಕ ಕಾನೂನು ಸಣ್ಣ ಗಾಡಿಗೆ ಬಿಟ್ಟದ, ನೀವು ಬಿಡಬ್ಯಾಡ್ರಿ, ಡಾಂಬರ್ ರೋಡಿಗೆ 25ರಾಗ ತಲಿ ಬಡದ್ರೂ ಒಡೀತದ.

ಬ್ಯಾಟರಿ ಆಟೋ ತಗೊಂಡು ದುಡೀಬೇಕು ಅನ್ನೋ ಅಣ್ಣಂದ್ರಿಗೆ. ಇದ್ರಾಗ ಎರಡು ಜಾತಿ ಅವ, ಎರಡಕ್ಕೂ ಬ್ಯಾರೆ ಬ್ಯಾರೆ ನಿಯಮ. ಇ-ರಿಕ್ಷಾ ಅನ್ನೋದು 2015ರ ತಿದ್ದುಪಡಿ ಒಳಗ ಕಾಯ್ದಿಗೆ ಸೇರಿದ್ದು, ಮೋಟಾರ್ 4000 ವ್ಯಾಟ್ ಒಳಗ, ಸ್ಪೀಡ್ 25ರ ಒಳಗ, ಡ್ರೈವರ್ ಬಿಟ್ಟು ನಾಲ್ಕೇ ಮಂದಿ, 40 ಕಿಲೋ ಲಗೇಜು. ಇದಕ್ಕ ರಿಜಿಸ್ಟ್ರೇಷನ್ ಬೇಕು, ಇನ್ಶೂರೆನ್ಸ್ ಬೇಕು, ಹತ್ತು ದಿನದ ಟ್ರೇನಿಂಗ್ ತಗೊಂಡು ಇದರದ್ದೇ ಲೈಸೆನ್ಸ್ ಮಾಡಿಸ್ಬೇಕು. ಇನ್ನೊಂದು ಪೂರಾ ಆಟೋ, ಡೀಸೆಲ್ ಆಟೋದಂಗೇ ಓಡ್ತದ, ಬ್ಯಾಟರಿ ಮ್ಯಾಲ ಅಷ್ಟೇ. ಬ್ಯಾಟರಿ ಬಾಡಿಗಿ ಗಾಡಿಗಳಿಗೆ ಪರ್ಮಿಟ್ ಬ್ಯಾಡ ಅಂತ 2018 ಅಕ್ಟೋಬರ್‌ದಾಗ ಕೇಂದ್ರ ಆದೇಶ ಮಾಡ್ಯದ, ಆದ್ರ ಪರ್ಮಿಟ್ ಬ್ಯಾಡ ಅಂದ್ರ ಫಿಟ್ನೆಸ್, ಇನ್ಶೂರೆನ್ಸ್, ಲೈಸೆನ್ಸ್ ಬ್ಯಾಡ ಅಂತ ಅಲ್ಲ, ಪರ್ಮಿಟ್ ಒಂದೇ ಬ್ಯಾಡ, ಇದನ್ನ ಕಲಸಿ ಹೇಳೋರು ಭಾಳ ಮಂದಿ ಅದಾರ. ಹತ್ತಿ ಬಿಡಿಸೋ ಸೀಸನ್‌ದಾಗ ಟಂಟಂನ್ಯಾಗ ಹನ್ನೆರಡು ಹೆಣ್ಮಕ್ಕಳನ್ನ ತುಂಬ್ತಾರಲ್ಲ, ಹೆಚ್ಚಿಗಿ ಒಬ್ಬೊಬ್ಬರಿಗೆ 200 ದಂಡ ಅದ, ಗಾಡಿ ಪಲ್ಟಿ ಆದ್ರ ಹೆಚ್ಚಿಗಿ ಕುಂತವ್ರ ಕ್ಲೇಮಿಗೆ ಇನ್ಶೂರೆನ್ಸ್ ಕಂಪನಿ ತಕರಾರು ತಗೀತದ.

ಹಳೆ ಸ್ಕೂಟಿಗೆ ಬ್ಯಾಟರಿ ಕಿಟ್ ಹಾಕ್ಸೋರು ಮೊದ್ಲು ಆರ್‌ಟಿಓ ಒಪ್ಪಿಗಿ ತಗೋರಿ, ಕಿಟ್ ಟೆಸ್ಟ್ ಆಗಿರ್ಬೇಕು, ಇಲ್ಲಾಂದ್ರ ಒಂದೊಂದು ಬದಲಾವಣಿಗೆ 5000 ದಂಡ ಇಲ್ಲಾ ಆರು ತಿಂಗಳ ತನಕ ಜೈಲು. ಬೈಕ್ ಟ್ಯಾಕ್ಸಿ ಮಾಡ್ತೀನಿ ಅಂತ ಸಾಲ ಮಾಡಿ ಗಾಡಿ ತಗೊಳ್ಳೋ ತಮ್ಮಂದಿರು ಸ್ವಲ್ಪ ತಡೀರಿ. ನಮ್ಮ ರಾಜ್ಯ 2021ರಾಗ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಸ್ಕೀಮ್ ತಂತು, 2024 ಮಾರ್ಚ್‌ದಾಗ ವಾಪಸ್ ತಗೊಂತು, 2025 ಏಪ್ರಿಲ್‌ದಾಗ ಹೈಕೋರ್ಟ್ ನಿಲ್ಲಿಸ್ರಿ ಅಂತು, ಜೂನ್ ನಡುವಿಗೆ ಗಾಡಿ ನಿಂತ್ವು, ಮುಂದಿನ ತಿಂಗಳೇ ಆ್ಯಪ್ ಮ್ಯಾಲ ಟ್ಯಾಕ್ಸಿ ಓಡಿಸೋ ಕಂಪನಿಗಳಿಗೆ ಅಂತ ಕೇಂದ್ರದ ಹೊಸ ಅಗ್ರಿಗೇಟರ್ ಮಾರ್ಗಸೂಚಿ ಬಂದು ರಾಜ್ಯ ಬೇಕಾದ್ರ ಬಿಡಬಹುದು ಅಂತು. ಇಷ್ಟು ಸಲ ಹೊಳ್ಳಾಡಿದ ವಿಷಯದ ಮ್ಯಾಲ ಇಎಂಐ ಕಟ್ಟಿ ಕೂಡೋದು ಬ್ಯಾಡ. ಆರ್‌ಟಿಓ ಆಫೀಸಿಗೆ ಹೋಗಿ ಇವತ್ತಿನ ದಿನಕ್ಕ ಏನು ಆದೇಶ ಅದ ಅಂತ ಕೇಳಿ ಆಮ್ಯಾಲ ಮುಂದ ಹೋಗ್ರಿ.

ಚಾರ್ಜಿಂಗ್ ಬಗ್ಗೆ ಒಂದೇ ಮಾತು, ನಮ್ಮ ಊರಿನ ಬಿಸಿಲಿಗೆ ಹೇಳ್ಲೇಬೇಕು. ಮೇ ತಿಂಗಳ ಮಟಮಟ ಮಧ್ಯಾಹ್ನ ಬಂದು ಕಾದ ಬ್ಯಾಟರಿಗೆ ಹಂಗೇ ಪ್ಲಗ್ ಹಾಕಬ್ಯಾಡ್ರಿ, ನೆರಳಾಗ ಒಂದು ತಾಸು ಆರಲಿ, ಮಲಗೋ ಖೋಲ್ಯಾಗ ರಾತ್ರಿ ಚಾರ್ಜ್ ಬ್ಯಾಡ. 2022ರಾಗ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮ್ಯಾಲ ಎಐಎಸ್ 156 ಅನ್ನೋ ಬ್ಯಾಟರಿ ನಿಯಮ ಬಿಗಿ ಮಾಡ್ಯಾರ, ಬ್ಯಾಟರಿಗೆ ಅದರ ಸರ್ಟಿಫಿಕೇಟ್ ಅದನೋ ಇಲ್ಲೋ ಕೇಳ್ರಿ.

ಇನ್ನ ಕಾನೂನೇ ಸರಿ ಇಲ್ಲ ಅನಿಸಿದ್ರ ಏನು ಮಾಡೋದು. ನನಗಂತೂ ಈ 25ರ ಗಾಡಿಗೂ ಸಣ್ಣದೊಂದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡ್ಬೇಕು ಅನಿಸ್ತದ, ಅದರಿಂದ ಬಿದ್ದವರ ಕಾಲೂ ಮುರೀತದ. ಹಿಂಗ ಅನಿಸಿದ್ದನ್ನ ಹೇಳ್ಲಾಕ ದಾರಿ ಅದ. ಮೋಟಾರು ವಾಹನ ಕಾಯ್ದಿ 212ನೇ ಕಲಮಿನ ಪ್ರಕಾರ ಹೊಸ ನಿಯಮ ತರೋ ಮೊದ್ಲು ಕರಡು ಗೆಜೆಟ್‌ದಾಗ ಹಾಕ್ಬೇಕು, ಸಾಮಾನ್ಯವಾಗಿ 30 ದಿನ ಆಕ್ಷೇಪಣೆ ತಗೊಳ್ತಾರ, ವಿಳಾಸ ಆ ಕರಡಿನ ಕೆಳಗೇ ಇರ್ತದ, ಕನ್ನಡದಾಗ ಬರೆದ್ರೂ ಆಯ್ತು, ಯಾವ ನಿಯಮ, ಯಾವ ಸಾಲು, ಅದರ ಬದ್ಲಿ ಏನಿರಬೇಕು ಅಂತ ಮಾತ್ರ ಬಿಡಿಸಿ ಬರೀರಿ.

ಊರಿನ ಮಟ್ಟಿಗೆ ಆದ್ರ ಡಿಸಿ ಆಫೀಸು. ಯಾವ ರೋಡಿನ್ಯಾಗ ಯಾವ ಗಾಡಿ ಬಿಡಬಾರ್ದು, ಆಟೋ ಸ್ಟ್ಯಾಂಡ್ ಎಲ್ಲಿರಬೇಕು ಅನ್ನೋದಕ್ಕ 115 ಮತ್ತ 117ನೇ ಕಲಮು ಅವ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಡಿಸಿ ಸಾಹೇಬ್ರೇ ಅಧ್ಯಕ್ಷರು. ನಾನು ಆ ಆಯಿ ವಿಷಯ ಆದ ಮ್ಯಾಲ ತೀನ್ ಕಂದೀಲ್ ಹತ್ರ ಎರಡು ದಿನ ಸಂಜಿ ಐದರಿಂದ ಏಳರ ತನಕ ನಿಂತು ಒಂದು ನೋಟ್‌ಬುಕ್‌ನಾಗ ಗೆರಿ ಹಾಕ್ಕೊಂತ ಎಣಿಸಿದೆ, ಎಷ್ಟು ಆಟೋ ರೋಡಿನ ನಡುವ ನಿಲ್ಲಿಸಿ ಮಂದಿ ಹತ್ತಿಸ್ಕೊಂತಾವ, ಎಷ್ಟು ನಂಬರ್ ಇಲ್ಲದ ಸ್ಕೂಟರ್ ಹೋಗ್ತಾವ, ತಳ್ಳುಗಾಡಿಯವ್ರು ಎಲ್ಲಿ ನಿಂತಾರ ಅಂತ. ಅರ್ಜಿ ಒಂದೇ ಪುಟ ಬರದೆ, ಜಾಗ, ಟೈಮು, ಎಣಿಕಿ, ನಾಲ್ಕು ಫೋಟೋ, ಕೊನೀಗೆ ಎರಡೇ ಬೇಡಿಕಿ: ಆಟೋ ನಿಲ್ಲಲಿಕ್ಕ ಬಣ್ಣದ ಗೆರಿ ಹಾಕಿ ಜಾಗ ತೋರಿಸ್ರಿ, ಪಲ್ಯ ಮಾರೋರಿಗೆ ಗಾಡಿ ಬರದಂಗ ಅಡ್ಡ ಕಟ್ರಿ. "ಟ್ರಾಫಿಕ್ ಸರಿ ಮಾಡಿ" ಅಂತ ಬರೆದ ಅರ್ಜಿ ಯಾವ ಟೇಬಲ್ಲಿಗೂ ಸೇರಲ್ಲ. ಜಾಗ, ಬೇಡಿಕಿ ಬಿಡಿಸಿ ಕೇಳಿದ್ರ ಅದನ್ನ ಯಾರಿಗೆ ಕಳಿಸ್ಬೇಕು ಅಂತ ಅವರಿಗೂ ಗೊತ್ತಾಗ್ತದ.

ಎರಡು ಕಾಪಿ ಒಯ್ರಿ, ಒಂದನ್ನ ಟಪಾಲಿಗೆ ಕೊಟ್ಟು ಇನ್ನೊಂದರ ಮ್ಯಾಲ ಸಿಕ್ಕಾ, ತಾರೀಖು ಹಾಕಿಸ್ಕೋರಿ. ಒಂದು ತಿಂಗಳು ನೋಡಿ ಏನೂ ಸುದ್ದಿ ಇಲ್ಲಾಂದ್ರ ಆ ಸಿಕ್ಕಾ ಇರೋ ಕಾಪಿ ಹಚ್ಚಿ ಹತ್ತು ರೂಪಾಯಿ ಫೀಸಿಟ್ಟು ಮಾಹಿತಿ ಹಕ್ಕಿನ್ಯಾಗ ಕೇಳ್ರಿ, ನನ್ನ ಅರ್ಜಿ ಮ್ಯಾಲ ಏನು ಕ್ರಮ ತಗೊಂಡ್ರಿ, ಯಾವ ಆಫೀಸಿಗೆ ಕಳಿಸಿದ್ರಿ ಅಂತ, 30 ದಿನದಾಗ ಉತ್ತರ ಕೊಡಲೇಬೇಕು. ನಂದು ಸಿಕ್ಕಾ ಬಿದ್ದು ಹದಿನೆಂಟು ದಿನ ಆಯ್ತು, ಇನ್ನ ಹನ್ನೆರಡು ದಿನ ಕಾದು ಆರ್‌ಟಿಐ ಹಾಕ್ತೀನಿ, ಗಂಜ್ ಕಡಿಯವ್ರು ಯಾರರ ತಮ್ಮ ಸರ್ಕಲ್ ಎಣಿಸಿ ಬರದ್ರ ಇಬ್ರೂ ಕೂಡಿ ಒಂದೇ ದಿನ ಕೊಡೋಣು.