ಗೇಟಿನಾಚೆಯಿಂದ ಶುರುವಾಗುವ ಸಿನಿಮಾ

ನಮ್ಮ ಸಿನಿಮಾದಲ್ಲಿ ಜೈಲಿನ ಒಳಗಿನ ಒಂದು ಶಾಟ್ ಕೂಡ ಇಲ್ಲ. ಕಥೆ ಶುರುವಾಗುವುದೇ ಪರಪ್ಪನ ಅಗ್ರಹಾರದ ಬಸ್ ಸ್ಟಾಪಿನಲ್ಲಿ. ದುಡ್ಡು ಹಾಕಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಒಳಗಡೆ ಒಂದು ಫೈಟ್, ಒಂದು ಫ್ಲ್ಯಾಶ್‌ಬ್ಯಾಕ್ ಇಟ್ಬಿಡಿ ಸಾರ್." ನಾನು ಒಪ್ಪಲಿಲ್ಲ. ಜೈಲಿನ ಒಳಗಿನ ಕಥೆ ಬೇಕಾದಷ್ಟು ಬಂದಿವೆ. ಹೊರಗೆ ಬಂದವನು ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ನನಗೆ ಬೇಕಾಗಿದ್ದು ಅದು.

ಹಾಗಾಗಿ ಸಿನಿಮಾ ಚಿಕ್ಕದಾಯಿತು. ಗೆಳೆಯರು ಹಾಕಿದ ದುಡ್ಡು, ಬಾಡಿಗೆ ಕ್ಯಾಮೆರಾ, ಲಗ್ಗೆರೆಯಲ್ಲಿ ಒಂದು ಬಾಡಿಗೆ ಮನೆ, ಪೀಣ್ಯದ ಕಡೆ ಒಂದು ಬೇಕರಿ. ಅಷ್ಟೇ.

ಕಥೆ ಬರೆಯುವ ಮೊದಲು ಇಸವಿ ಗಟ್ಟಿ ಮಾಡಿಕೊಂಡೆ. ಜೀವಾವಧಿ ಅಂದರೆ 14 ವರ್ಷ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಜೀವಾವಧಿ ಅಂದರೆ ಜೀವ ಇರುವವರೆಗೆ. ಕೊಲೆ ಕೇಸಿನಲ್ಲಿ ಜೀವಾವಧಿ ಆದವರನ್ನು 14 ವರ್ಷ ತುಂಬುವ ಮುಂಚೆ ಸರ್ಕಾರ ಸನ್ನಡತೆ ಮೇಲೆ ಬಿಡುವಂತಿಲ್ಲ ಅನ್ನುವುದು ಕಾನೂನು. ತುಂಬಿದ ಮೇಲೂ ಬಿಡಲೇಬೇಕು ಅಂತಿಲ್ಲ. ನಮ್ಮ ನಾಯಕ 2009ರ ಶುರುವಿನಲ್ಲಿ ಒಳಗೆ ಹೋಗಿ 2023ರ ಕೊನೆಯಲ್ಲಿ ಹೊರಗೆ ಬರುತ್ತಾನೆ. ಈ ಎರಡು ಇಸವಿಗಳ ಮಧ್ಯೆ ಬೆಂಗಳೂರಿಗೆ ಏನೇನು ಬಂತು ನೋಡಿ. 2010ರಲ್ಲಿ ಆಧಾರ್ ನಂಬರ್ ಕೊಡಲು ಶುರು. 2011ರಲ್ಲಿ ಮೆಟ್ರೋ. 2016ರಲ್ಲಿ ಹಳೇ ನೋಟು ಹೋಯಿತು, ಯುಪಿಐ ಬಂತು. ಅವನ ಹೆಸರಿನ ಹಳೇ ಬ್ಯಾಂಕ್ ಖಾತೆ ನಿಂತುಹೋಗಿದೆ. ಅದನ್ನು ಎಬ್ಬಿಸಲು ಆಧಾರ್ ಬೇಕು, ಮೊಬೈಲ್ ನಂಬರ್ ಬೇಕು, ವಿಳಾಸ ಬೇಕು. ಬಾಡಿಗೆ ಮನೆ ಕೇಳಿದರೆ ಹತ್ತು ತಿಂಗಳ ಅಡ್ವಾನ್ಸ್. ವಿಲನ್ ಯಾಕೆ ಬೇಕು ಹೇಳಿ?

ಒಳಗೆ ಇದ್ದು ಬಂದವರ ಜೊತೆ ತುಂಬಾ ಹೊತ್ತು ಕೂತು ಮಾತಾಡಿದೆ. ಯಾರನ್ನೂ "ಏನು ಮಾಡಿದ್ರಿ?" ಅಂತ ಕೇಳಲಿಲ್ಲ. ಆ ಪ್ರಶ್ನೆಯನ್ನು ಪೊಲೀಸರು, ವಕೀಲರು, ಜಡ್ಜು, ನೆಂಟರು ಎಲ್ಲ ಕೇಳಿ ಮುಗಿಸಿದ್ದಾರೆ. ನಾನು ಕೇಳಿದ್ದು ಊಟ, ನಿದ್ದೆ, ಚಪ್ಪಲಿ, ಬಸ್ಸು. ಹಾಗೆ ಕೇಳಿದ್ದಕ್ಕೇ ಸಿನಿಮಾ ಸಿಕ್ಕಿತು. ಮಾತಾಡಿದ ಪ್ರತಿಯೊಬ್ಬರಿಗೂ ಆ ದಿನದ ಕೂಲಿ ಕೊಟ್ಟೆವು. ಟೈಟಲ್ ಕಾರ್ಡಿನಲ್ಲಿ ಹೆಸರು ಬೇಡ ಅಂದವರ ಹೆಸರು ಹಾಕಲಿಲ್ಲ. ಮಗಳ ಮದುವೆ ಮಾತುಕತೆ ನಡೆಯುತ್ತಿರುವ ಮನೆಗೆ ನಮ್ಮ ಕೃತಜ್ಞತೆಯಿಂದ ತೊಂದರೆ ಆಗಬಾರದು, ಅಲ್ವಾ?

ಒಬ್ಬರು ಹೇಳಿದ ಸಂಗತಿ ನಮ್ಮ ಸಿನಿಮಾದ ಬೆನ್ನೆಲುಬಾಯಿತು. ಜೈಲಿನಲ್ಲಿ ಸಂಜೆ ಕತ್ತಲಾಗುವ ಮುಂಚೆಯೇ ಊಟ ಕೊಟ್ಟು ಬ್ಯಾರಕ್ಕಿಗೆ ಬೀಗ ಹಾಕುತ್ತಾರೆ. ಅಷ್ಟು ವರ್ಷ ಹಾಗೆ ಉಂಡ ಹೊಟ್ಟೆ ಹೊರಗೆ ಬಂದರೂ ಅದೇ ಹೊತ್ತಿಗೆ ಹಸಿಯುತ್ತದೆ. ಮನೆಯಲ್ಲಿ ಊಟ ರಾತ್ರಿ ಒಂಬತ್ತಕ್ಕೆ. ಬಾಯಿಬಿಟ್ಟು ಕೇಳುವ ಹಾಗಿಲ್ಲ, ಅಕ್ಕನ ಮನೆ, ಭಾವ ಏನಂದುಕೊಳ್ಳುತ್ತಾರೋ. ನಾವು ಈ ದೃಶ್ಯವನ್ನು ಕಟ್ ಇಲ್ಲದೆ ತೆಗೆದೆವು. ಅಕ್ಕ ಟಿವಿ ನೋಡುತ್ತಾ ಅವರೆಕಾಯಿ ಬಿಡಿಸುತ್ತಿದ್ದಾಳೆ. ತಮ್ಮ ಅಡುಗೆಮನೆ ಬಾಗಿಲ ಕಡೆ ನೋಡುತ್ತಾನೆ, ಕೆಳಗೆ ನೋಡುತ್ತಾನೆ. ತುಂಬಾ ಹೊತ್ತಾದ ಮೇಲೆ ಅಕ್ಕ ಅಂತಾಳೆ, "ಹಸಿವಾಗಿದ್ರೆ ಹೇಳೋಕೇನೋ ನಿಂಗೆ?" ಅವನು, "ಇಲ್ಲ ಅಕ್ಕ, ಆಮೇಲೆ ಎಲ್ರ ಜೊತೆ." ಅಷ್ಟೇ ಮಾತು. ಎಡಿಟಿಂಗ್‌ನಲ್ಲಿ ಇದನ್ನು ಚಿಕ್ಕದು ಮಾಡಿ ಅಂತ ಎಲ್ಲರೂ ಹೇಳಿದರು. ಮಾಡಲಿಲ್ಲ. ಅವನು ಕಾಯುವಷ್ಟು ಹೊತ್ತು ನೋಡುವವರೂ ಕಾಯಬೇಕು.

ಬಸ್ಸಿನ ದೃಶ್ಯಕ್ಕೂ ಹಾಗೇ ಜಾಗ ಕೊಟ್ಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಕ್ಕ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಳ್ಳುತ್ತಾಳೆ. ತಮ್ಮನೋ ದುಡ್ಡು ಹಿಡಿದು "ಇಬ್ಬರಿಗೂ" ಅಂತಾನೆ. ಕಂಡಕ್ಟರ್ ನಗುತ್ತಾರೆ, "ಯಾವೂರ್ರೀ ನಿಮ್ದು?" ಅವನು ಹುಟ್ಟಿದ್ದು ಇದೇ ಬೆಂಗಳೂರಿನ ಶ್ರೀರಾಮಪುರದಲ್ಲಿ.

ಇನ್ನು ಕೆಲಸ. ಮೊದಲ ಡ್ರಾಫ್ಟಿನಲ್ಲಿ ಅವನು ಅಪಾರ್ಟ್‌ಮೆಂಟ್ ಒಂದರ ಸೆಕ್ಯೂರಿಟಿ ಗಾರ್ಡ್. ಬೆಂಗಳೂರಿಗೆ ಬಂದವರಿಗೆ ಬೇಗ ಸಿಗುವ ಕೆಲಸ ಅದೇ ತಾನೇ? ಒಬ್ಬ ವಕೀಲರು ಓದಿ ಹೇಳಿದರು: 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಶಿಕ್ಷೆ ಆದವರನ್ನು ಗಾರ್ಡ್ ಆಗಿ ಇಟ್ಟುಕೊಳ್ಳುವಂತಿಲ್ಲ. ಊರಿನ ಅಷ್ಟೂ ಗೇಟುಗಳ ಕೆಲಸ ಒಂದು ಸಾಲಿನಿಂದ ಬಂದ್. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬೇಕರಿ ಹೊಳೆಯಿತು. ಪರಪ್ಪನ ಅಗ್ರಹಾರದ ಜೈಲಿನಲ್ಲಿ ಬೇಕರಿ ಇದೆ, ಕೈದಿಗಳೇ ಬ್ರೆಡ್ಡು ಬಿಸ್ಕತ್ತು ಮಾಡುತ್ತಾರೆ. ಅಲ್ಲಿ ಕಲಿತವನು ಇಲ್ಲಿ ಕೆಲಸ ಕೇಳಲಿ.

ನಮ್ಮ ನಟ ರಂಗಭೂಮಿಯವರು. ಅವರನ್ನು ಬೆಳಗಿನ ಜಾವ ಬೇಕರಿಗೆ ಕಳಿಸಿ ಹಿಟ್ಟು ನಾದುವುದು, ಬನ್ನಿಗೆ ಉಂಡೆ ಕಟ್ಟುವುದು, ಟ್ರೇ ಒಳಗೆ ತಳ್ಳುವುದು ಕಲಿಸಿದೆವು. ಕ್ಯಾಮೆರಾ ಮುಂದೆ ಸುಮ್ನೆ ಕೈಯಾಡಿಸಿದರೆ ನಿಜವಾದ ಬೇಕರಿಯವರಿಗೆ ತಕ್ಷಣ ಗೊತ್ತಾಗುತ್ತದೆ. ದೃಶ್ಯ ಹೀಗಿದೆ: ನಾಯಕ ಎರಡೂ ಕೈಯಲ್ಲಿ ಒಟ್ಟಿಗೆ ಉಂಡೆ ಕಟ್ಟುತ್ತಾನೆ, ಒಂದೇ ಅಳತೆ, ಒಂದೇ ವೇಗ. ಮಾಲೀಕರ ಮುಖ ಅರಳುತ್ತದೆ. "ಎಲ್ಲಿ ಕಲಿತ್ಯಪ್ಪಾ?" ಅವನ ಕೈ ನಿಲ್ಲುತ್ತದೆ. ಇಡೀ ಸಿನಿಮಾ ಬರೆದದ್ದು ಈ ಪ್ರಶ್ನೆಗಾಗಿ ಅಂದರೂ ತಪ್ಪಿಲ್ಲ. ಒಳ್ಳೆಯ ಕೆಲಸಗಾರ ಅನ್ನುವುದಕ್ಕೂ ಅವನ ಕೈಯೇ ಸಾಕ್ಷಿ, ಒಳಗೆ ಇದ್ದ ಅನ್ನುವುದಕ್ಕೂ ಅದೇ. ಮಾಲೀಕರನ್ನು ಕೆಟ್ಟವರನ್ನಾಗಿ ಬರೆಯಲಿಲ್ಲ. ಅವರಿಗೂ ಕೌಂಟರಿನಲ್ಲಿ ಮಗಳು ಕೂರುತ್ತಾಳೆ, ಗಿರಾಕಿಗಳು ಮಾತಾಡುತ್ತಾರೆ. ಅವರು ಒಂದು ರಾತ್ರಿ ಯೋಚಿಸುತ್ತಾರೆ. ಆ ರಾತ್ರಿಯನ್ನೂ ತೋರಿಸಿದ್ದೇವೆ.

ಕೊಲೆಯಾದವನ ತಾಯಿ ಬಂದು ಕ್ಷಮಿಸುವ ದೃಶ್ಯ ಇಡಿ ಅಂತ ಒತ್ತಾಯ ಇತ್ತು. ಇಡಲಿಲ್ಲ. ಕ್ಷಮೆಯನ್ನು ಸ್ಕ್ರಿಪ್ಟ್ ಬರೆಯುವವನು ಆ ತಾಯಿಯ ಪರವಾಗಿ ಕೊಡಬಾರದು. ಆದರೆ ಅವಳು ಈ ಊರಲ್ಲೇ ಇದ್ದಾಳೆ ಅನ್ನುವುದು ಸಿನಿಮಾದ ಉದ್ದಕ್ಕೂ ಗೊತ್ತಿರಬೇಕು. ನಾಯಕ ಒಂದು ರಸ್ತೆಗೆ ಮಾತ್ರ ಯಾವತ್ತೂ ಹೋಗುವುದಿಲ್ಲ. ಸುತ್ತಿಕೊಂಡು ಹೋಗುತ್ತಾನೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಫ್ರೀಡಂ ಪಾರ್ಕಿನಲ್ಲಿ ಶೂಟ್ ಮಾಡುವ ಆಸೆ ಎಲ್ಲರಿಗೂ ಇತ್ತು. ಹಳೇ ಸೆಂಟ್ರಲ್ ಜೈಲ್ ಅದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜಾಗ. ಕಾವಲು ಗೋಪುರ ಈಗಲೂ ನಿಂತಿದೆ, ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುತ್ತದೆ ಅನ್ನುವುದೇ ನನಗೆ ಬೇಡವಾಗಿತ್ತು.

ಶೂಟಿಂಗಿನಲ್ಲಿ ಜಾಸ್ತಿ ಕಾಡಿದ್ದು ಹಳದಿ ಮೆಟ್ರೋ. 2025ರ ಆಗಸ್ಟಿನಲ್ಲಿ ಅದು ಓಡಲು ಶುರುವಾಯಿತು, ನಮ್ಮ ಕಥೆ 2023ರದು. ಪರಪ್ಪನ ಅಗ್ರಹಾರದ ಬಳಿಯ ಹೊಸ ರೋಡ್ ಸ್ಟೇಷನ್ ಹತ್ತಿರ ಫ್ರೇಮ್ ಇಟ್ಟರೆ ಮೇಲೆ ರೈಲು. ಅದು ದಾಟಿದ ಮೇಲೆ ಶಾಟ್. ಡಬ್ಬಿಂಗ್ ಮಾಡಲಿಲ್ಲ, ಮಾತೆಲ್ಲ ಸ್ಥಳದಲ್ಲೇ ರೆಕಾರ್ಡ್ ಆಗಿದ್ದು. ಲಗ್ಗೆರೆಯ ಮನೆಯ ಪಕ್ಕ ಪವರ್‌ಲೂಮ್ ಓಡುತ್ತಿತ್ತು. ಅದನ್ನು ನಿಲ್ಲಿಸಿ ಅಂತ ಕೇಳುವ ಬದಲು ಭಾವನನ್ನೇ ಮಗ್ಗದ ಕೆಲಸಗಾರನನ್ನಾಗಿ ಮಾಡಿದೆ. ಆ ಸದ್ದು ಮನೆಯದೇ ಆಯಿತು.

ನಟರಲ್ಲಿ ಒಬ್ಬರು ಜೈಲಿನಲ್ಲಿದ್ದಾಗ ನಾಟಕ ಆಡಿದ್ದವರು. ರಂಗಾಯಣದ ಹುಲಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಮಾಡಿಸಿದ ಕೆಲಸ ನಮ್ಮ ರಂಗಭೂಮಿಯವರಿಗೆಲ್ಲ ಗೊತ್ತು. ನಮ್ಮ ಆ ನಟರನ್ನು ನಾನು ಕೈದಿಯ ಪಾತ್ರಕ್ಕೆ ಕರೆಯಲಿಲ್ಲ. ಬೇಕರಿ ಮಾಲೀಕರ ಪಾತ್ರ ಕೊಟ್ಟೆ. "ಎಲ್ಲಿ ಕಲಿತ್ಯಪ್ಪಾ?" ಅಂತ ಕೇಳುವವರು ಅವರೇ. ಆ ಮಾತು ಎಷ್ಟು ಮೆತ್ತಗೆ ಬರಬೇಕು ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಸಿನಿಮಾವನ್ನು ಕಾನೂನು ಕಾಲೇಜುಗಳಲ್ಲಿ, ಬಡಾವಣೆಯ ಸಮುದಾಯ ಭವನಗಳಲ್ಲಿ ತೋರಿಸುತ್ತಿದ್ದೇವೆ. ಥಿಯೇಟರಿಗಿಂತ ಅಲ್ಲಿ ಮಾತು ಜಾಸ್ತಿ ನಡೆಯುತ್ತದೆ. ಮುಂದೆ ಬೇಕರಿ ಮಾಲೀಕರನ್ನೇ ಕರೆದು ತೋರಿಸಬೇಕು ಅಂತಿದೆ. ಅವರು ಅಂಗಡಿ ಮುಚ್ಚಿಯೇ ಬರಬೇಕು. ಅದಕ್ಕೆ ಆ ಶೋ ರಾತ್ರಿ ಹತ್ತೂವರೆಗೆ ಇಡುತ್ತಿದ್ದೇವೆ.