3 ಬೈಟಿಗೆ 6 ಸಾವಿರ ರೂಪಾಯಿ

ಹೋದ ವರ್ಷ ಫಲಿತಾಂಶದ ಸುಗ್ಗಿಯಲ್ಲಿ ಒಂದು ಕೋಚಿಂಗ್ ಸೆಂಟರ್‌ಗೆ 10×8 ಅಡಿಯ 6 ಫ್ಲೆಕ್ಸ್ ಹೊಡೆದುಕೊಟ್ಟೆ. ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಕಟ್ಟಿದ ಅರ್ಧ ತಾಸಿಗೆ ಫೋನ್: "ಏನ್ರೀ ಅಣ್ಣಾ, ಮಾಸ್ತರ್ ಮಂದಿ ಫ್ಲೆಕ್ಸಿನಾಗೇ ಕನ್ನಡ ತಪ್ಪಂದ್ರ ಹ್ಯಾಂಗ್ರಿ?" ನಾನು ಹೊಡೆದದ್ದು 'ರ‍್ಯಾಂಕ್', ಅಚ್ಚಾದದ್ದು 'ರ್ಯಾಂಕ್'. ಚದರ ಅಡಿಗೆ 12ರ ಲೆಕ್ಕದಲ್ಲಿ ಹತ್ತಿರ ಹತ್ತಿರ 6 ಸಾವಿರ ನನ್ನ ತಲೆಗೆ ಬಂತು.

ಟೈಪ್ ಮಾಡಿದಾಗ ಸರಿಯೇ ಇತ್ತು. ಫೋನ್ ನಂಬರ್ ತಿದ್ದಲು ಫೈಲ್ ಮುಚ್ಚಿ ತೆರೆದಾಗ ಅರ್ಕಾವೊತ್ತು ಬಂದು ಕೂತಿದೆ. ಈ ಡಿಸೈನ್ ಸಾಫ್ಟ್‌ವೇರಿನ ಕಂಪನಿ ಹೆಸರು ಬೇಡ. ವರ್ಷಕ್ಕೆ 9 ಸಾವಿರದಷ್ಟು ಕಟ್ಟುತ್ತೇನೆ. ಸಪೋರ್ಟ್‌ಗೆ ಸರಿ, ತಪ್ಪು ಎರಡರ ಫೋಟೊ ಇಟ್ಟು ಟಿಕೆಟ್, ಅಂದರೆ ದೂರು, ಹಾಕಿದೆ. ಕ್ಯಾಶ್ ಅಳಿಸಿ ಅಂದರು, ಮತ್ತೆ ಇನ್‌ಸ್ಟಾಲ್ ಮಾಡಿ ಅಂದರು, ಫಾಂಟ್ ಬದಲಿಸಿ ಅಂದರು. ನಾಲ್ಕು ವಾರಕ್ಕೆ ಟಿಕೆಟ್ ತಾನಾಗೇ ಮುಚ್ಚಿತು. ಜೊತೆಗೆ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಪ್ರಶ್ನೆ ಬೇರೆ. ಕನ್ನಡ ಓದಲು ಬಾರದ ಹುಡುಗನಿಗೆ ನನ್ನ ಎರಡೂ ಫೋಟೊ ಒಂದೇ ಥರ ಕಂಡಿರಬೇಕು.

ಸೂಪರ್ ಮಾರ್ಕೆಟ್ ಬಜಾರಿನ ಗೆಳೆಯರದು ಒಂದೇ ಮಾತು: "ಯೂನಿಕೋಡ್ ಬಿಡು, ನುಡಿ ಆಸ್ಕಿಗೆ ವಾಪಸ್ ಬಾ. ಫ್ಲೆಕ್ಸ್‌ನವನ ಪತ್ರ ಯಾವ ಇಂಜಿನಿಯರ್ ಓದ್ತಾನ?" ಯೂನಿಕೋಡ್ ಅಂದರೆ ಎಲ್ಲ ಭಾಷೆಗೂ ಒಂದೇ ಅಕ್ಷರ ಸಂಕೇತ, ನುಡಿ ಆಸ್ಕಿ ಕನ್ನಡದ ಹಳೇ ಫಾಂಟ್ ಪದ್ಧತಿ. ಅವರ ಮಾತೇ ಖರೆ ಅನ್ನಿಸಿತ್ತು. ಮೊದಲ ಸಲ ಆ ಕಂಪನಿಯ ಇಂಜಿನಿಯರ್‌ಗೆ ನೇರ ಬರೆದಾಗ 180 ಎಂಬಿ ಫೈಲಿನ ಲಿಂಕು, ಹದಿನಾಲ್ಕು ಫೋಟೊ, ಎರಡು ಪುಟ ಬೈಗುಳ ಕಳಿಸಿದ್ದೆ. ಉತ್ತರ ಬರಲಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಅಲ್ಲಿಯವರೆಗೆ ಅಕ್ಷರಗಳನ್ನು ಔಟ್‌ಲೈನ್, ಅಂದರೆ ಚಿತ್ರದ ಗೆರೆ, ಮಾಡಿ ಉಳಿಸುತ್ತಿದ್ದೆ. ಅಚ್ಚು ಸರಿ ಬರುತ್ತದೆ, ಆದರೆ ಆಮೇಲೆ ಒಂದಕ್ಷರ ತಿದ್ದಬೇಕೆಂದರೆ ಮೊದಲಿಂದ ಹೊಡೆಯಬೇಕು. 'ರಾಂಕ್' ಎಂದು ಬರೆದು ಒಂದು ಗಿರಾಕಿಯನ್ನೂ ಕಳಕೊಂಡೆ. ತುಂಗಾ, ನೋಟೊ ಎರಡೂ ಫಾಂಟ್ ಹಾಕಿ ನೋಡಿದೆ, ಎರಡರಲ್ಲೂ ಅದೇ ಗತಿ. ಅದೇ ಪದ ಲಿಬ್ರೆಆಫೀಸ್ ಎಂಬ ಬೇರೆ ಸಾಫ್ಟ್‌ವೇರಿನಲ್ಲಿ ಎಷ್ಟು ಸಲ ಮುಚ್ಚಿ ತೆರೆದರೂ ಕೆಡಲಿಲ್ಲ. ಅಂದರೆ ಫಾಂಟಿನ ತಪ್ಪಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪ್ ಮಾತ್ರ ಇತ್ತು. ನೋಟ್‌ಪ್ಯಾಡಿನಲ್ಲಿ ಆ ಒಂದೇ ಪದ ಇಟ್ಟು, ಬಾಮ್ (ಫೈಲಿನ ಮೊದಲಿಗೆ ಕೂರುವ ಗುರುತು) ಇಲ್ಲದ ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡ್ ಉಳಿಸುವ ಒಂದು ರೀತಿಯಲ್ಲಿ, ಉಳಿಸಿದೆ: 24 ಬೈಟ್. ಅವರ ಸಾಫ್ಟ್‌ವೇರಿಗೆ ಹಾಕಿ, ಮುಚ್ಚಿ, ತೆರೆದು, ಮತ್ತೆ ನೋಟ್‌ಪ್ಯಾಡಿಗೆ ತಂದೆ: 21. ಇದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಚಿಹ್ನೆಗೂ 3 ಬೈಟ್. ರ ಆದಮೇಲೆ ಬರುವ ಕಣ್ಣಿಗೆ ಕಾಣದ ಜೋಡಕಕ್ಕೂ, ಅಂದರೆ ಯೂನಿಕೋಡಿನಲ್ಲಿ 200ಡಿ ಸಂಖ್ಯೆಯದಕ್ಕೂ ಅಷ್ಟೇ. ಕಡಿಮೆಯಾದ 3 ಬೈಟ್ ಅದರದೇ. ಕಳ್ಳ ಸಿಕ್ಕಿದ್ದ!

ಎರಡನೇ ಪತ್ರ ಐದೇ ಸಾಲು. ಪದ, 24, 21, ಮಾಡಿದ ಮೂರು ಹೆಜ್ಜೆ. ಬಂಗಾಳಿಯ ರ-ಯ ಜೋಡಿಗೂ ಇದೇ ಜೋಡಕ ಬೇಕು ಅಂತ ಸೇರಿಸಿದೆ, ಕಲಬುರಗಿಯ ಒಬ್ಬನದೇ ತಗಾದೆ ಅನ್ನಿಸಬಾರದಲ್ಲ. ಕನ್ನಡ ಬಾರದವರೂ ಎಣಿಸಬಲ್ಲರು. ಆ ಇಂಜಿನಿಯರನ್ನು ಪತ್ತೆ ಹಚ್ಚಿದ ದಾರಿ ಮಾತ್ರ ಕೇಳಬೇಡಿ, ಹೇಳಿದರೆ ನಾಳೆ ಅವರಿಗೆ ನೂರು ಪತ್ರ ಹೋಗುತ್ತವೆ.

ಎರಡು ದಿನಕ್ಕೆ ಉತ್ತರ ಬಂತು. ಫೈಲ್ ಉಳಿಸುವಾಗ ಕಾಣದ ಅಕ್ಷರಗಳನ್ನು ಗುಡಿಸಿಹಾಕುವ ಒಂದು ಸಾಲು ಕೋಡಿನಲ್ಲಿತ್ತಂತೆ. ಆಮೇಲೆ ಅವರು ಕೇಳಿದ್ದು ಟಿಕೆಟ್ ನಂಬರ್! ಅದಿಲ್ಲದೆ ಕೆಲಸದ ಪಟ್ಟಿಗೆ ಏರಿಸಲು ಆಗುವುದಿಲ್ಲವಂತೆ. ಮುಚ್ಚಿದ ಹಳೇ ಟಿಕೆಟ್ಟನ್ನೇ ಹುಡುಕಿ ಕೊಟ್ಟೆ. ಅದಕ್ಕೇ ಈಗ ಮೊದಲು ಟಿಕೆಟ್, ಆಮೇಲೆ ಪತ್ರ. ಮೂರು ವಾರದ ಮೇಲೆ ಬಂದ ಅಪ್‌ಡೇಟ್‌ನಲ್ಲಿ 'ರ‍್ಯಾಂಕ್' 24 ಬೈಟ್ ಆಗೇ ಉಳಿಯಿತು.

ನುಡಿಗೆ ವಾಪಸ್ ಬಾ ಅಂದಿದ್ದ ಗೆಳೆಯ ಮೊನ್ನೆ ತನ್ನ ಬಿಲ್ಲಿಂಗ್ ಸಾಫ್ಟ್‌ವೇರಿನ ತಕರಾರು ಹಿಡಿದು ಬಂದಿದ್ದ. ಚಾ ಅವನದೇ. ಆ 6 ಫ್ಲೆಕ್ಸ್ ಅಂಗಡಿಯ ಸೋರುವ ತಗಡಿನ ಮೇಲೆ ಹೊದ್ದು ಮಲಗಿವೆ.